ಅಕ್ಟೋಬರಿನಲ್ಲಿ ಕೂಗುವ ಕೋಗಿಲೆ ಯಾರದು?

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯುತ್ತಾ ಬಂದಿರುತ್ತದೆ. ಇನ್ನು ಕೆಲವೇ ದಿನ, ಸಿಡ್ನಿಯಲ್ಲಿರುವ ನಮ್ಮ ಓದುಗರಿಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ಅಲಾರಂ ಇಲ್ಲದೆಯೇ ಎಚ್ಚರವಾಗಲಿದೆ. ‘ಕೂ...ಊ, ಕೂ...ಊ’ ಎಂದು ಒಂದೊಂದು ಸಲಕ್ಕೂ ದನಿ ಏರಿಸುತ್ತಾ ಹೋಗುವ ಆ ಕೂಗು ಯಾರದೆಂದು ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಕೋಗಿಲೆ!

ನಾವು ಈ ದೇಶಕ್ಕೆ ಬಂದ ಮೊದಲ ವರ್ಷ ವೆಸ್ಟ್‌ಮೀಡ್‌ನಲ್ಲಿ ಎರಡು ಕೋಣೆಯ ಯೂನಿಟ್ಟಿನಲ್ಲಿ ಐದು ಜನ ಇದ್ದೆವು. ಇಬ್ಬರಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ, ಒಬ್ಬರಿಗೆ ವೃದ್ಧಾಶ್ರಮದ ಕೆಲಸ, ಒಬ್ಬರು ಟ್ಯಾಕ್ಸಿ, ಇನ್ನೊಬ್ಬರು ಕೆಲಸ ಹುಡುಕುತ್ತಿದ್ದರು. ಅಕ್ಟೋಬರಿನ ಒಂದು ಬೆಳಗಿನ ಜಾವ ಪಾಳಿ ಮುಗಿಸಿ ಬಂದು ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತಿದ್ದಾಗ ಎದುರಿನ ಮರದಿಂದ ಆ ಕೂಗು ಬಂತು. ಎಲ್ಲರೂ ಸುಮ್ಮನಾದೆವು. ನಮ್ಮಲ್ಲೊಬ್ಬ ತಡೆಯಲಾರದೆ ಊರಿಗೆ ಫೋನ್ ಹಚ್ಚಿದ. ತಿಪಟೂರಿನ ಹತ್ತಿರದ ಹಳ್ಳಿ. ಅಲ್ಲಿ ರಾತ್ರಿ ಹನ್ನೊಂದು ಗಂಟೆ. ಅಮ್ಮ ಇನ್ನೂ ಮಲಗಿರಲಿಲ್ಲ.

“ಕೇಳಮ್ಮ, ಕೋಗಿಲೆ ಕೂಗ್ತಾ ಇದೆ.”

“ಏನೋ ಇದು, ಈಗ್ಯಾಕೋ ಕೋಗಿಲೆ? ಇಲ್ಲಿ ಅದರ ಸುಳಿವೇ ಇಲ್ಲ. ಟಿ.ವಿ. ಹಾಕ್ಕೊಂಡಿದ್ದೀಯಾ?”

ಆವತ್ತು ನಾವು ಆ ಪ್ರಶ್ನೆಯನ್ನು ನಕ್ಕು ಬಿಟ್ಟುಬಿಟ್ಟೆವು. ‘ಊರಿನ ಕೋಗಿಲೆ ನಮ್ಮನ್ನ ಹುಡುಕ್ಕೊಂಡು ಬಂದಿದೆ’ ಎಂದುಕೊಂಡೆವು. ಆಮೇಲೆ ಮದುವೆಯಾಗಿ, ಮಕ್ಕಳಾಗಿ, ಒಬ್ಬೊಬ್ಬರು ಒಂದೊಂದು ಕಡೆ ಮನೆ ಮಾಡಿಕೊಂಡ ಮೇಲೂ ಅದೇ ಮಾತನ್ನು ಮಕ್ಕಳಿಗೆ ಹೇಳಿದೆವು. ಕಳೆದ ವರ್ಷ ನಮ್ಮಲ್ಲೊಬ್ಬರ ಮಗಳು ಅದನ್ನೇ ಶಾಲೆಯಲ್ಲಿ ಹೇಳಿದಳು. ಟೀಚರು, “ಇಲ್ಲಮ್ಮ, ಅದು ಇಂಡಿಯಾದಿಂದ ಬರಲ್ಲ, ನ್ಯೂಗಿನಿಯಿಂದ ಬರುತ್ತೆ, ಇದು ಆಸ್ಟ್ರೇಲಿಯಾದ್ದೇ ಹಕ್ಕಿ” ಅಂದರಂತೆ. ಮನೆಗೆ ಬಂದ ಹುಡುಗಿ ಕೇಳಿದ ಪ್ರಶ್ನೆ ನೇರವಾಗಿತ್ತು: “ನೀವು ಹೇಳಿದ್ದು ಸರೀನಾ, ಮಿಸ್ ಹೇಳಿದ್ದು ಸರೀನಾ?”

ಮಿಸ್ ಹೇಳಿದ್ದೇ ಸರಿ. ಆದರೆ ನಮ್ಮ ಕಿವಿಯೂ ಪೂರ್ತಿ ಮೋಸ ಹೋಗಿರಲಿಲ್ಲ. ಅದು ಹೇಗೆ ಅನ್ನುವುದನ್ನು ಈ ಬಾರಿ ಹೇಳುತ್ತೇವೆ.

ಹೆಸರು ನಮ್ಮದು, ಹಕ್ಕಿ ಬೇರೆ

ನಮ್ಮೂರಿನ ಕೋಗಿಲೆ ಮತ್ತು ಸಿಡ್ನಿಯ ಕೋಗಿಲೆ ದಾಯಾದಿಗಳು. ಒಂದೇ ಕುಲ, ಎರಡು ಮನೆ. ನಮ್ಮದಕ್ಕೆ ಏಷ್ಯನ್ ಕೋಯೆಲ್ ಎಂದು ಹೆಸರು. ಅದರ ಸೀಮೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದಿಂದ ಹಿಡಿದು ದಕ್ಷಿಣ ಚೀನಾ, ಆಗ್ನೇಯ ಏಷ್ಯಾದವರೆಗೆ. ಇಲ್ಲಿಯದಕ್ಕೆ ಈಸ್ಟರ್ನ್ ಕೋಯೆಲ್ ಅಥವಾ ಪೆಸಿಫಿಕ್ ಕೋಯೆಲ್ ಎನ್ನುತ್ತಾರೆ. ಅದರ ಸೀಮೆ ಇಂಡೋನೇಷ್ಯದ ಪೂರ್ವದ ದ್ವೀಪಗಳು, ನ್ಯೂಗಿನಿ, ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಉತ್ತರ ಮತ್ತು ಪೂರ್ವ ಭಾಗ. ಎರಡೂ ಮೂಲದಲ್ಲಿ ಬಿಸಿಲು ದೇಶದ ಕಾಡಿನ ಹಕ್ಕಿಗಳು. ಹಣ್ಣು ತಿಂದು ಬದುಕುವ, ದಟ್ಟ ಎಲೆಗಳ ನಡುವೆ ಅಡಗಿ ಕೂರುವ, ಕಣ್ಣಿಗಿಂತ ಕಿವಿಗೇ ಹೆಚ್ಚು ಸಿಗುವ ಜಾತಿ.

ಈ ಎರಡನ್ನೂ ಬೇರೆ ಎನ್ನಬೇಕೋ ಒಂದೇ ಎನ್ನಬೇಕೋ ಎಂದು ಪಂಡಿತರೇ ಬಹಳ ಕಾಲ ತೂಗಾಡಿದ್ದಾರೆ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ನಮ್ಮ ಕೋಗಿಲೆಗೂ 1766ರಲ್ಲಿ ಪೂರ್ವದ ಕೋಗಿಲೆಗೂ ಬೇರೆ ಬೇರೆ ಹೆಸರಿಟ್ಟ. ಮುಂದೆ ಬಂದವರು ಎರಡನ್ನೂ ಸೇರಿಸಿ ‘ಕಾಮನ್ ಕೋಯೆಲ್’ ಎಂಬ ಒಂದೇ ಜಾತಿ ಮಾಡಿದರು. ಈಚೆಗೆ ಮತ್ತೆ ಪಾಲು ಮಾಡಿದ್ದಾರೆ. ಹೀಗಾಗಿ ಹಳೆಯ ಪುಸ್ತಕ ನೋಡಿದವರಿಗೆ ಇವು ಒಂದೇ ಹಕ್ಕಿ, ಹೊಸ ಪುಸ್ತಕ ನೋಡಿದವರಿಗೆ ಎರಡು. ಬಾಲ್ಕನಿಯಲ್ಲಿ ನಿಂತು ‘ನಮ್ಮದೇ’ ಎಂದುಕೊಂಡ ನಾವೇನೂ ತೀರಾ ದಡ್ಡರಲ್ಲ.

ಇನ್ನೊಂದು ತಮಾಷೆ ಇದೆ. ಹಕ್ಕಿ ಇಲ್ಲಿಯದು, ಹೆಸರು ಮಾತ್ರ ನಮ್ಮ ಕಡೆಯದು. ‘ಕೋಯೆಲ್’ ಎಂಬ ಇಂಗ್ಲಿಷ್ ಪದ ಹಿಂದಿಯ ‘ಕೋಯಲ್’ನಿಂದ ಬಂದದ್ದು, ಅದು ಸಂಸ್ಕೃತದ ‘ಕೋಕಿಲ’ದಿಂದ. ನಮ್ಮ ‘ಕೋಗಿಲೆ’ಯೂ ಅದೇ ಬಳಗದ್ದು. ಅಂದರೆ ಬೆಳಗಿನ ಜಾವ ನಿದ್ದೆ ಕೆಟ್ಟು ಕಿಟಕಿ ತೆಗೆದು ‘ಬ್ಲಡೀ ಕೋಯೆಲ್’ ಎಂದು ಬೈಯುವ ನೆರೆಮನೆಯ ಅಜ್ಜ, ತನಗೆ ಗೊತ್ತಿಲ್ಲದೆಯೇ, ನಮ್ಮ ದೇಶದ ಪದ ಆಡುತ್ತಿದ್ದಾನೆ.

ನೋಡಿದರೆ ಗುರುತು ಹೇಗೆ?

ಗಂಡು ಹಕ್ಕಿಗಳನ್ನು ಪಕ್ಕಪಕ್ಕ ಇಟ್ಟರೆ ನಮ್ಮಂಥವರಿಗೆ ವ್ಯತ್ಯಾಸ ಹೇಳುವುದು ಕಷ್ಟ. ಎರಡೂ ಮಿರುಗುವ ನೀಲಿಗಪ್ಪು, ಎರಡಕ್ಕೂ ಕೆಂಡದಂಥ ಕೆಂಪು ಕಣ್ಣು, ಉದ್ದ ಬಾಲ, ಉದ್ದಳತೆ ಎರಡಕ್ಕೂ ಸುಮಾರು 40ರಿಂದ 45 ಸೆಂಟಿಮೀಟರ್. ಕೊಕ್ಕು ನಮ್ಮದರಲ್ಲಿ ಮಾಸಲು ಹಸಿರಿನ ಕಡೆಗೆ, ಇಲ್ಲಿಯದರಲ್ಲಿ ನೀಲಿ ಬೂದಿಯ ಕಡೆಗೆ. ಕೂಗು ಎರಡರದೂ ಎರಡು ಸ್ವರದ್ದು, ಏರುತ್ತಾ ಹೋಗುವಂಥದ್ದು.

ಹೆಣ್ಣು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಊರಿನ ಹೆಣ್ಣು ಕೋಗಿಲೆಯನ್ನು ನೀವು ನೋಡಿರಬಹುದು. ಕಂದು ಮೈ, ಮೇಲೆಲ್ಲ ಬಿಳಿ ಚುಕ್ಕೆ, ಹೊಟ್ಟೆಯ ಮೇಲೆ ಅಡ್ಡ ಪಟ್ಟೆ, ತಲೆಯೂ ಗೆರೆ ಗೆರೆ. ಎಷ್ಟೋ ಜನ ಅದನ್ನು ಕೋಗಿಲೆ ಅಂತ ಒಪ್ಪುವುದೇ ಇಲ್ಲ, ‘ಅದ್ಯಾವುದೋ ಗಿಡುಗ’ ಎಂದುಬಿಡುತ್ತಾರೆ. ಸಿಡ್ನಿಯ ಹೆಣ್ಣಿಗೂ ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳೇ, ಹೊಟ್ಟೆಯ ಮೇಲೆ ಪಟ್ಟೆಗಳೇ. ಆದರೆ ತಲೆಯ ಮೇಲೆ ಟೊಪ್ಪಿಗೆ ಹಾಕಿದ ಹಾಗೆ ಕಪ್ಪು, ಅದರ ಕೆಳಗೆ ಕೆನ್ನೆಯ ಮೇಲೆ ಒಂದು ಮಾಸಲು ಬಿಳಿ ಗೆರೆ. ಈ ಕರಿ ಟೊಪ್ಪಿಗೆ ಕಂಡರೆ ಅದು ಇಲ್ಲಿಯದೇ, ಅನುಮಾನ ಬೇಡ.

ಇನ್ನೊಂದು ಮಾತು. ‘ಕೋಗಿಲೆಯ ಇಂಪಾದ ಹಾಡು’ ಅಂತ ನಾವು ಹೆಣ್ಣಿನ ಹೆಸರಿಗೆ ಬರೆದಿದ್ದೇವೆ. ಹಾಡುವುದು ಗಂಡು. ಹೆಣ್ಣಿನದು ‘ಕಿಕ್ ಕಿಕ್ ಕಿಕ್’ ಎನ್ನುವ ಚೂಪು ದನಿ, ಎರಡೂ ದೇಶದಲ್ಲಿ.

ಕಾಗೆಯ ಮನೆ, ವಾಟಲ್‌ಬರ್ಡಿನ ಮನೆ

ಕೋಗಿಲೆ ಗೂಡು ಕಟ್ಟುವುದಿಲ್ಲ, ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಎಂದು ನಮಗೆ ಮೂರನೇ ಕ್ಲಾಸಿನಿಂದಲೇ ಗೊತ್ತು. ಸಂಸ್ಕೃತದಲ್ಲಿ ಅದಕ್ಕೆ ‘ಪರಭೃತ’ ಎಂದೇ ಹೆಸರು, ಪರರಿಂದ ಸಾಕಲ್ಪಟ್ಟದ್ದು. ಊರಿನಲ್ಲಿ ಆ ಪರರು ಎಂದರೆ ಮುಖ್ಯವಾಗಿ ಕಾಗೆ. ಸಿಡ್ನಿಯಲ್ಲೂ ದಪ್ಪ ಕಾಗೆಗಳಿವೆ, ಮಗು ಅತ್ತ ಹಾಗೆ ಎಳೆದೆಳೆದು ಕೂಗುತ್ತವೆ. ಹಾಗಾದರೆ ಇಲ್ಲಿಯೂ ಕಾಗೆ ಗೂಡಿನಲ್ಲೇ ಇಡುತ್ತದೆಯೇ?

ಇಲ್ಲ. ಎರಡು ಹಕ್ಕಿಗಳ ದೊಡ್ಡ ವ್ಯತ್ಯಾಸ ಇರುವುದೇ ಇಲ್ಲಿ. ಸಿಡ್ನಿಯ ಕೋಗಿಲೆ ಕಾಗೆಯ ತಂಟೆಗೆ ಹೋಗುವುದಿಲ್ಲ. ಅದು ಹುಡುಕುವುದು ರೆಡ್ ವಾಟಲ್‌ಬರ್ಡ್, ಫ್ರಯರ್‌ಬರ್ಡ್, ಮ್ಯಾಗ್‌ಪೈ ಲಾರ್ಕ್, ಫಿಗ್‌ಬರ್ಡ್ ಇವುಗಳ ಗೂಡನ್ನು. ಇದರಲ್ಲಿ ರೆಡ್ ವಾಟಲ್‌ಬರ್ಡನ್ನು ನೀವು ದಿನಾ ನೋಡುತ್ತೀರಿ. ಬಾಟಲ್‌ಬ್ರಷ್ ಹೂವಿಗೆ ಜೋತುಬಿದ್ದು ಮಕರಂದ ಹೀರುವ, ಬೂದುಗಂದು ಮೈಯ, ಗಂಟಲು ಕೆರೆದ ಹಾಗೆ ‘ಕ್ಯಾಕ್ ಕ್ಯಾಕ್’ ಎನ್ನುವ ಜಗಳಗಂಟಿ. ಕತ್ತಿನ ಎರಡೂ ಪಕ್ಕ ಚಿಕ್ಕ ಕೆಂಪು ಜೋಲು ಇರುವುದರಿಂದ ಆ ಹೆಸರು. ಸಿಡ್ನಿಯಲ್ಲಿ ಈಚಿನ ದಶಕಗಳಲ್ಲಿ ಕೋಗಿಲೆ ಮರಿಯನ್ನು ಸಾಕುವ ಕೆಲಸ ಹೆಚ್ಚಾಗಿ ಇದರ ತಲೆಗೇ ಬಂದಿದೆ.

ಮನೆ ಬದಲಾದ ಮೇಲೆ ಮರಿಯ ನಡತೆಯೂ ಬದಲಾಗುತ್ತದೆ. ಊರಿನಲ್ಲಿ ಕೋಗಿಲೆ ಮೊಟ್ಟೆ ಹನ್ನೆರಡರಿಂದ ಹದಿನಾಲ್ಕು ದಿನದಲ್ಲಿ ಒಡೆಯುತ್ತದೆ, ಕಾಗೆ ಮೊಟ್ಟೆಗಿಂತ ಕೆಲವು ದಿನ ಮುಂಚೆ. ಮುಂಚೆ ಹುಟ್ಟಿದ ಮರಿ ಮುಂಚೆ ಬಾಯಿ ತೆರೆಯುತ್ತದೆ, ತುತ್ತು ಗಿಟ್ಟಿಸುತ್ತದೆ. ಆದರೆ ಸಾಮಾನ್ಯವಾಗಿ ಕಾಗೆ ಮರಿಗಳನ್ನು ಹೊರಗೆ ನೂಕುವುದಿಲ್ಲ. ಕಾಗೆಯ ಗೂಡು ಆಳ, ಮೊಟ್ಟೆ ದಪ್ಪ, ಮರಿ ದೊಡ್ಡದು. ಅದನ್ನೆಲ್ಲ ಎತ್ತಿ ಹಾಕುವ ಕಷ್ಟಕ್ಕಿಂತ ಜೊತೆಯಲ್ಲೇ ಬಾಳುವುದು ವಾಸಿ ಎಂದು ತಿಳಿದವರು ಕಾರಣ ಕೊಡುತ್ತಾರೆ. ಬಾಡಿಗೆ ಮನೆಯಲ್ಲಿ ಐದು ಜನ ಒಂದೇ ಅಡುಗೆಮನೆ ಹಂಚಿಕೊಂಡವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಸಿಡ್ನಿಯ ಮರಿ ಹಾಗಲ್ಲ. ವಾಟಲ್‌ಬರ್ಡಿನ ಗೂಡು ಚಿಕ್ಕ ಬಟ್ಟಲು, ಮೊಟ್ಟೆಗಳೂ ಚಿಕ್ಕವು. ಹುಟ್ಟಿದ ಸ್ವಲ್ಪ ದಿನದಲ್ಲೇ ಕೋಗಿಲೆ ಮರಿ ಉಳಿದ ಮೊಟ್ಟೆ, ಮರಿಗಳನ್ನು ಗೂಡಿನಿಂದ ಆಚೆ ತಳ್ಳಿಬಿಡುತ್ತದೆ. ಆಮೇಲೆ ಇಡೀ ಮನೆ ಅದರದ್ದೇ. ಸಾಕುವ ತಾಯಿತಂದೆಗಿಂತ ಮರಿ ದಪ್ಪವಾಗಿ ಬೆಳೆದರೂ ಅವು ತುತ್ತು ತಂದು ಕೊಡುತ್ತಲೇ ಇರುತ್ತವೆ.

ಬಣ್ಣದಲ್ಲೂ ಇದೇ ಕಥೆ. ಊರಿನಲ್ಲಿ ಕಾಗೆ ಗೂಡಿನಲ್ಲಿ ಬೆಳೆಯುವ ಮರಿ ಕಪ್ಪು ಕಪ್ಪಾಗಿರುತ್ತದೆ. ಇಲ್ಲಿ ಕಂದು ಹಕ್ಕಿಯ ಗೂಡಿನಲ್ಲಿ ಬೆಳೆಯುವ ಮರಿ ಕಂದು, ನಸುಗೆಂಪು. ಸಾಕಿದ ಮನೆಯ ಬಣ್ಣ.

ಹಾಗಂತ ಸಿಡ್ನಿಯ ಕಾಗೆ ಬಚಾವಾಯಿತು ಎಂದುಕೊಳ್ಳಬೇಡಿ. ಅದರ ಪಾಲಿಗೆ ಬೇರೊಬ್ಬ ಅತಿಥಿ ಇದ್ದಾನೆ. ಚಾನೆಲ್ ಬಿಲ್ಡ್ ಕುಕೂ ಎಂಬ, 60 ಸೆಂಟಿಮೀಟರಿನಷ್ಟು ಉದ್ದದ, ಮಂಗಟ್ಟೆಯನ್ನು ನೆನಪಿಸುವ ದಪ್ಪ ಕೊಕ್ಕಿನ ಬೂದು ಹಕ್ಕಿ. ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ ಜಾತಿಗಳಲ್ಲೇ ಇದು ಅತಿ ದೊಡ್ಡದು. ಅದೂ ವಸಂತದಲ್ಲಿ ಉತ್ತರದಿಂದ ಬಂದು ಕಾಗೆ, ಕರವಾಂಗ್, ಮ್ಯಾಗ್‌ಪೈಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಬೆಳಗಿನ ಜಾವ ಯಾರನ್ನೋ ಕತ್ತು ಹಿಸುಕಿದ ಹಾಗೆ ಕಿರುಚುವುದು ಕೇಳಿದರೆ ಅದು ಇದರದ್ದು.

ಅಮ್ಮನ ಪ್ರಶ್ನೆಗೆ ಉತ್ತರ

ಈಗ ತಿಪಟೂರಿನ ಅಮ್ಮ ಕೇಳಿದ ಪ್ರಶ್ನೆಗೆ ಬರೋಣ. ಅಕ್ಟೋಬರಿನಲ್ಲಿ ಅಲ್ಲಿ ಯಾಕೆ ಕೋಗಿಲೆ ಇಲ್ಲ, ಇಲ್ಲಿ ಯಾಕೆ ಇದೆ?

ಅಲ್ಲಿ ಇದೆ. ಆದರೆ ಬಾಯಿ ಮುಚ್ಚಿಕೊಂಡಿದೆ. ಊರಿನ ಕೋಗಿಲೆ ದೂರ ದೇಶಕ್ಕೆ ವಲಸೆ ಹೋಗುವ ಹಕ್ಕಿಯಲ್ಲ. ವರ್ಷವಿಡೀ ಅಲ್ಲೇ ಆಲ, ಅತ್ತಿ, ಅರಳಿ ಮರಗಳ ಹಣ್ಣು ತಿನ್ನುತ್ತಾ ಎಲೆಯ ಮರೆಯಲ್ಲಿರುತ್ತದೆ. ಶ್ರೀಗಂಧದ ಹಣ್ಣೂ ಅದಕ್ಕೆ ಇಷ್ಟ. ಗಂಧದ ಬೀಜವನ್ನು ದೂರಕ್ಕೆ ಒಯ್ದು ಹಾಕುವವರಲ್ಲಿ ಕೋಗಿಲೆ ಮುಖ್ಯವಾದದ್ದು. ಚಳಿಗಾಲದಲ್ಲಿ ಸದ್ದಿಲ್ಲ ಎಂದು ನಾವು ‘ಎಲ್ಲೋ ಹೋಗಿದೆ’ ಅಂದುಕೊಳ್ಳುತ್ತೇವೆ. ಮಾವು ಚಿಗುರುವ ಕಾಲಕ್ಕೆ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ ಸಂಗಾತಿಯನ್ನು ಕರೆಯಲು ಶುರುಮಾಡುತ್ತದೆ, ಮಳೆಗಾಲ ಹಿಡಿಯುವವರೆಗೂ ಕೂಗುತ್ತದೆ. ಅದಕ್ಕೇ ನಮಗೆ ಯುಗಾದಿ, ಬೇವು ಬೆಲ್ಲ, ಕೋಗಿಲೆ ಒಟ್ಟಿಗೇ ನೆನಪಾಗುವುದು.

ಇಲ್ಲಿಯದು ನಿಜವಾದ ವಲಸಿಗ. ದಕ್ಷಿಣಾರ್ಧಗೋಳದಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಆ ತಿಂಗಳ ಕೊನೆಗೆ, ಅಕ್ಟೋಬರಿನ ಹೊತ್ತಿಗೆ, ನ್ಯೂಗಿನಿ ಮತ್ತು ಅದರ ಸುತ್ತಿನ ದ್ವೀಪಗಳಿಂದ ಹೊರಟ ಕೋಗಿಲೆಗಳು ಸಿಡ್ನಿ ತಲಪುತ್ತವೆ. ಪೋರ್ಟ್ ಮೋರ್ಸ್‌ಬಿಯಿಂದ ಸಿಡ್ನಿಗೆ ನೇರ ಗೆರೆ ಎಳೆದರೂ 2,700 ಕಿಲೋಮೀಟರಿಗೆ ಕಡಿಮೆಯಿಲ್ಲ. ಬೆಂಗಳೂರು ಇಲ್ಲಿಂದ ಸುಮಾರು 9,300 ಕಿಲೋಮೀಟರು. ಅಲ್ಲಿಂದ ಯಾವ ಕೋಗಿಲೆಯೂ ಬರುವುದಿಲ್ಲ. ಬಂದವು ಇಲ್ಲಿನ ದೊಡ್ಡ ಅತ್ತಿ ಜಾತಿಯ ಮರಗಳಲ್ಲಿ, ಹಿತ್ತಲಿನ ಹಿಪ್ಪುನೇರಳೆ ಮರಗಳಲ್ಲಿ ಠಿಕಾಣಿ ಹೂಡುತ್ತವೆ. ಮಾರ್ಚ್, ಏಪ್ರಿಲಿನಲ್ಲಿ ಮತ್ತೆ ಉತ್ತರಕ್ಕೆ ಹೊರಡುತ್ತವೆ.

ಇದಕ್ಕೊಂದು ಸುಲಭ ನೆನಪು ಇದೆ. ಅಕ್ಟೋಬರಿನ ಮೊದಲ ಭಾನುವಾರ ನಾವು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತೇವೆ, ಏಪ್ರಿಲಿನ ಮೊದಲ ಭಾನುವಾರ ಹಿಂದಕ್ಕೆ. ಹೆಚ್ಚುಕಡಿಮೆ ಈ ಎರಡು ಭಾನುವಾರಗಳ ನಡುವಿನ ಕಾಲವೇ ಸಿಡ್ನಿಯ ಕೋಗಿಲೆಯ ಕಾಲ.

ಲೆಕ್ಕ ಹಾಕಿ ನೋಡಿ. ದೀಪಾವಳಿಗೆ ಇಲ್ಲಿ ಕೋಗಿಲೆಯ ಗದ್ದಲ, ಅಲ್ಲಿ ಮೌನ. ಯುಗಾದಿಗೆ ಅಲ್ಲಿ ಕೂಗು, ಇಲ್ಲಿಯದು ಗಂಟುಮೂಟೆ ಕಟ್ಟಿರುತ್ತದೆ. ಯುಗಾದಿ ಕಾರ್ಯಕ್ರಮದ ವೇದಿಕೆಯಲ್ಲಿ ‘ಇಲ್ಲಿಯೂ ಕೋಗಿಲೆ ಹಾಡಿ ಹೊಸ ವರ್ಷವನ್ನು ಸ್ವಾಗತಿಸುತ್ತಿದೆ’ ಎಂದು ನಾವೇ ಭಾಷಣ ಮಾಡಿದ್ದೂ ಉಂಟು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಹೋಗಿ ಕೇಳಿದ್ದರೆ ಕೋಗಿಲೆಯ ದನಿಯೇ ಇರುತ್ತಿರಲಿಲ್ಲ. ಹೇಳಬೇಕಾಗಿದ್ದ ಮಾತು ಬೇರೆ: ಇಲ್ಲಿಯದು ಸುಮ್ಮನಾಗುವ ಹೊತ್ತಿಗೆ ಅಲ್ಲಿಯದು ಶುರುಮಾಡುತ್ತದೆ, ಅಲ್ಲಿಯದು ನಿಲ್ಲಿಸಿದ ಮೇಲೆ ಇಲ್ಲಿಯದು. ವರ್ಷದ ಬಹುಪಾಲು ತಿಂಗಳು, ಎರಡರಲ್ಲಿ ಒಂದು ಕಡೆ ಕೋಗಿಲೆ ಕೂಗುತ್ತಲೇ ಇರುತ್ತದೆ.

ಮೆಲ್ಬರ್ನಿನವರ ದೂರು

“ಇದೆಲ್ಲಾ ಸಿಡ್ನಿಯವರ ಸುದ್ದಿ ಆಯ್ತು. ನಮಗೆ ಕೋಗಿಲೆನೂ ಇಲ್ವಾ?” ಎಂದು ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ಗೆಳೆಯರು ಕೇಳುತ್ತಾರೆ. ಕೆಲಸ ಬದಲಾಗಿ ಸಿಡ್ನಿಯಿಂದ ಮೆಲ್ಬರ್ನಿಗೆ ಬಂದವರಿಗೆ ಮೊದಲ ಅಕ್ಟೋಬರಿನಲ್ಲಿ ಏನೋ ಕಳಕೊಂಡಂತೆ ಅನಿಸುವುದುಂಟು. ಯಾಕೆ ಅಂತ ತಕ್ಷಣ ಹೊಳೆಯುವುದಿಲ್ಲ.

ಕಾರಣ ಸರಳ. ಈ ಹಕ್ಕಿ ಬಿಸಿಲು ಕಾಡಿನದು. ಬಹುಕಾಲ ಅದರ ದಕ್ಷಿಣದ ಗಡಿ ಸಿಡ್ನಿಯ ಕೆಳಗಿನ ನೌರಾದ ಆಸುಪಾಸು ಎಂದೇ ಪುಸ್ತಕಗಳು ಬರೆದವು. ಈಚಿನ ವರ್ಷಗಳಲ್ಲಿ ಕ್ಯಾನ್‌ಬೆರಾದಲ್ಲಿ ಅದು ಬೇಸಗೆಯ ಖಾಯಂ ಅತಿಥಿಯಾಗಿದೆ, ಅಲ್ಲಿ ವಾಟಲ್‌ಬರ್ಡಿನ ಗೂಡಿನಲ್ಲಿ ಮರಿಯನ್ನೂ ಮಾಡುತ್ತಿದೆ. ಮೆಲ್ಬರ್ನಿನಲ್ಲಿ ಇನ್ನೂ ಅಪರೂಪ, ಆದರೆ ಕೇಳಿದವರು ಇದ್ದಾರೆ. ಸಾಕುವ ವಾಟಲ್‌ಬರ್ಡಿಗಂತೂ ಮೆಲ್ಬರ್ನಿನಲ್ಲಿ ಬರವಿಲ್ಲ, ಪ್ರತಿ ಬೀದಿಯಲ್ಲೂ ಇದೆ. ಛತ್ರ ಸಿದ್ಧವಾಗಿದೆ, ದಿಬ್ಬಣ ಬರಬೇಕಷ್ಟೆ.

ಅಲ್ಲಿಯವರೆಗೆ ಮೆಲ್ಬರ್ನಿನವರ ಪಾಲಿಗೆ ಊರಿನ ಹಕ್ಕಿ ಯಾವುದು? ಇದೆ, ಬೇಕಾದಷ್ಟಿದೆ. ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಜಾಗದಲ್ಲಿ ಹಳದಿ ಕಾಲಿನ ಮೇಲೆ ಗತ್ತಿನಿಂದ ನಡೆಯುವ ಗೊರವಂಕ, ಅಂದರೆ ಮೈನಾ. ಅದು ನಿಜವಾಗಿಯೂ ನಮ್ಮ ಕಡೆಯದು. 1860ರ ದಶಕದ ಆರಂಭದಲ್ಲಿ ತರಕಾರಿ ತೋಟದ ಹುಳು ತಿನ್ನಲಿ ಎಂದು ಅದನ್ನು ಹಡಗಿನಲ್ಲಿ ತಂದು ಮೆಲ್ಬರ್ನಿನಲ್ಲಿ ಬಿಟ್ಟರು. ಕೆಲಸಕ್ಕೆಂದು ಕರೆಸಿದ್ದು, ತಾನಾಗಿ ಬಂದದ್ದಲ್ಲ. ಸಿಡ್ನಿಯಲ್ಲಿ ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕೆಂಪು ಇರುವ ಕೆಮ್ಮೀಸೆ ಪಿಕಳಾರವನ್ನು ನೋಡಿದ್ದೀರಾ? ಅದನ್ನೂ 1880ರಲ್ಲಿ ಹೊರಗಿನಿಂದ ತಂದು ಬಿಟ್ಟದ್ದು.

ಹೀಗಾಗಿ ಲೆಕ್ಕ ತಲೆಕೆಳಗಾಗಿದೆ. ‘ಊರಿಂದ ಬಂದದ್ದು’ ಎಂದು ನಾವು ಕಣ್ತುಂಬಿಕೊಂಡ ಕೋಗಿಲೆ ಇಲ್ಲಿನ ಮೂಲನಿವಾಸಿ. ಊರಿಂದ ಬಂದ ಗೊರವಂಕವನ್ನು ನಾವು ಗಮನಿಸಿಯೂ ಇಲ್ಲ. ಇಲ್ಲಿಯವರು ಗಮನಿಸಿದ್ದಾರೆ. ಗಿಣಿಗಳು ಗೂಡು ಮಾಡುವ ಮರದ ಪೊಟರೆಗಳನ್ನು ಅದು ಕಿತ್ತುಕೊಳ್ಳುತ್ತದೆ ಎಂಬುದು ಅವರ ದೂರು, ಅದರಲ್ಲಿ ಹುರುಳಿದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಗೊರವಂಕದ ಹೆಸರೂ ಇದೆ. ಯಾರಾದರೂ ಅದನ್ನು ‘ಇಂಡಿಯನ್ ಮೈನಾ’ ಎಂದು ಮುಖ ಸಿಂಡರಿಸಿ ಹೇಳಿದಾಗ ನಮಗೆ ಒಳಗೆ ಚುರ್ ಅನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹಕ್ಕಿಯ ಕಥೆ ಹಕ್ಕಿಯದು, ನಮ್ಮ ಕಥೆ ನಮ್ಮದು. ಎರಡನ್ನೂ ಗಂಟು ಹಾಕಿಕೊಂಡು ನೊಂದುಕೊಳ್ಳುವುದು ಬೇಡ.

ನಿದ್ದೆಗೆಟ್ಟವರಿಗೆ, ಮರಿ ಕಂಡವರಿಗೆ

ಎಲ್ಲರಿಗೂ ಕೋಗಿಲೆ ಕೂಗು ಹಿತವಲ್ಲ. ರಾತ್ರಿ ಎರಡಕ್ಕೆ ಪಾಳಿ ಮುಗಿಸಿ ಬಂದು ಮಲಗಿದವರಿಗೆ ನಾಲ್ಕಕ್ಕೆ ಅದು ಶುರುವಾದರೆ ಯಾವ ಕವಿತೆಯೂ ಸಮಾಧಾನ ಕೊಡಲ್ಲ. ಕೆಲವು ಗಂಡುಗಳು ರಾತ್ರಿಯಿಡೀ ಕೂಗುವುದೂ ಉಂಟು. ನಮಗೆ ತಿಳಿದ ಕೆಲವು ಮಾತು:

ಜೋಡಿ ಸಿಕ್ಕಿ, ಮೊಟ್ಟೆಯ ಕೆಲಸ ಮುಗಿದ ಮೇಲೆ ಕೂಗು ತಾನಾಗಿ ಕಡಿಮೆಯಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಜೋರು, ಆಮೇಲೆ ಇಳಿಮುಖ. ಅಷ್ಟು ದಿನ ಇಯರ್‌ಪ್ಲಗ್, ಮುಚ್ಚಿದ ಕಿಟಕಿ, ಸದ್ದು ಮಾಡುವ ಒಂದು ಫ್ಯಾನು, ಇವೇ ಗತಿ. ಮರಕ್ಕೆ ಕಲ್ಲು ಹೊಡೆಯುವುದು, ಓಡಿಸಲು ಏನಾದರೂ ಮಾಡುವುದು ಬೇಡ. ಇದು ಇಲ್ಲಿನ ದೇಶೀ ಹಕ್ಕಿ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಜೀವವೈವಿಧ್ಯ ಸಂರಕ್ಷಣೆ ಕಾಯ್ದೆ, ವಿಕ್ಟೋರಿಯಾದಲ್ಲಿ 1975ರ ವನ್ಯಜೀವಿ ಕಾಯ್ದೆ. ವೀಸಾದ ಮೇಲೆ ಇರುವವರು ಇಂಥ ವಿಷಯಕ್ಕೆ ತಲೆ ಕೊಡುವುದು ಬುದ್ಧಿವಂತಿಕೆಯಲ್ಲ.

ಜನವರಿ, ಫೆಬ್ರವರಿಯಲ್ಲಿ ಇನ್ನೊಂದು ದೃಶ್ಯ ಕಾಣುತ್ತದೆ. ಹಿತ್ತಲ ಬೇಲಿಯ ಮೇಲೆ ದೊಡ್ಡ ಕಂದು ಮರಿಯೊಂದು ಒಂದೇ ಸಮ ಅರಚುತ್ತಾ ಕೂತಿರುತ್ತದೆ. ‘ಅಯ್ಯೋ, ತಾಯಿ ಬಿಟ್ಟು ಹೋಗಿದೆ’ ಎಂದು ಹಿಡಿದು ಒಳಗೆ ತರುವವರಿದ್ದಾರೆ. ತರಬೇಡಿ. ದೂರ ನಿಂತು ಸ್ವಲ್ಪ ಹೊತ್ತು ನೋಡಿ, ವಾಟಲ್‌ಬರ್ಡ್ ಬಂದು ತುತ್ತು ಕೊಟ್ಟು ಹೋಗುತ್ತದೆ. ಅನ್ನ, ಹಾಲು, ಬ್ರೆಡ್ಡು ಏನನ್ನೂ ಹಾಕಬೇಡಿ. ಬೆಕ್ಕು ಕಚ್ಚಿದೆ, ರೆಕ್ಕೆ ಮುರಿದಿದೆ ಎಂದು ಕಂಡರೆ ಮಾತ್ರ ಸಿಡ್ನಿಯಲ್ಲಿ ವೈರ್ಸ್, ಮೆಲ್ಬರ್ನಿನಲ್ಲಿ ವೈಲ್ಡ್‌ಲೈಫ್ ವಿಕ್ಟೋರಿಯಾ ಸಂಸ್ಥೆಗೆ ಫೋನ್ ಮಾಡಿ.

ಮಗಳಿಗೆ ಕೊಟ್ಟ ಉತ್ತರ

ಆ ಹುಡುಗಿಗೆ ಕೊನೆಗೆ ಏನು ಹೇಳಿದೆವು? ಮಿಸ್ ಹೇಳಿದ್ದೇ ಸರಿ, ನಾವು ಹೇಳಿದ್ದು ತಪ್ಪು ಎಂದೆವು. ಊರಿನ ಕೋಗಿಲೆಯ ದಾಯಾದಿ ಇದು, ಊರಿನದ್ದೇ ಅಲ್ಲ ಎಂದೆವು. ಅವಳಿಗೆ ಬೇಜಾರಾಗಲಿಲ್ಲ. “ಅಂದ್ರೆ ನನ್ನ ಇಂಡಿಯಾದ ಕಸಿನ್ ಥರ” ಎಂದಳು. ಅದಕ್ಕಿಂತ ಚೆನ್ನಾಗಿ ನಾವೂ ಹೇಳುತ್ತಿರಲಿಲ್ಲ.

ಅವಳ ಮುಂದಿನ ಪ್ರಶ್ನೆ ಮಾತ್ರ ನಮ್ಮನ್ನು ಕೂರಿಸಿಬಿಟ್ಟಿತು. “ವಾಟಲ್‌ಬರ್ಡ್ ಸಾಕಿದ ಮರಿಗೆ ಕೋಗಿಲೆ ಥರ ಕೂಗೋದನ್ನ ಯಾರು ಹೇಳಿಕೊಡ್ತಾರೆ?”

ಯಾರೂ ಹೇಳಿಕೊಡುವುದಿಲ್ಲ. ಕಾಗೆ ಸಾಕಿದರೂ, ವಾಟಲ್‌ಬರ್ಡ್ ಸಾಕಿದರೂ ಕೋಗಿಲೆ ಕೋಗಿಲೆಯಾಗಿಯೇ ಕೂಗುತ್ತದೆ. ಹೆತ್ತವರ ಮುಖ ನೋಡದ ಸಿಡ್ನಿಯ ಮರಿ, ದಾರಿ ತೋರಿಸುವವರಿಲ್ಲದೆ, ಮಾರ್ಚ್ ಏಪ್ರಿಲಿನಲ್ಲಿ ತಾನೇ ಉತ್ತರಕ್ಕೆ ಹಾರಿ ಹೋಗುತ್ತದೆ. ಹಾಡೂ ದಾರಿಯೂ ಹುಟ್ಟುವಾಗಲೇ ಒಳಗೆ ಇರುತ್ತವೆ. ಎರಡು ಕೋಗಿಲೆಗಳಲ್ಲಿ ಗೂಡು ಬೇರೆ, ಕಾಲ ಬೇರೆ, ಮರಿಯ ಬಣ್ಣ ಬೇರೆ. ಆದರೆ ಕಲಿಸದೆ ಬರುವ ಹಾಡು ಎರಡಕ್ಕೂ ಒಂದೇ ಥರ.

ನಮ್ಮ ಮಕ್ಕಳು ಹಾಗಲ್ಲ. ‘ರಕ್ತದಲ್ಲೇ ಇದೆ, ದೊಡ್ಡವರಾದ ಮೇಲೆ ತಾನಾಗಿ ಬರುತ್ತೆ’ ಎಂದು ನಮ್ಮಲ್ಲಿ ಎಷ್ಟೋ ಮಂದಿ ಹೇಳುತ್ತೇವೆ, ಪಾಳಿಯ ಸುಸ್ತಿನಲ್ಲಿ ಹೌದೆಂದು ನಂಬಿಯೂ ಬಿಡುತ್ತೇವೆ. ಬರುವುದಿಲ್ಲ. ಕನ್ನಡ ಕೋಗಿಲೆಯ ಕೂಗಲ್ಲ. ಅದು ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ಅಜ್ಜಿಯ ಫೋನಿನಲ್ಲಿ ಕಿವಿಗೆ ಬಿದ್ದರೆ ಮಾತ್ರ ಬರುತ್ತದೆ. ಆ ಹುಡುಗಿ ಈ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲೇ ಕೇಳಿದಳು ಎಂಬುದನ್ನು ಆಮೇಲೆ ಗಮನಿಸಿದೆವು. ಅದು ತಾನಾಗಿ ಆದದ್ದಲ್ಲ, ಅವಳ ಅಮ್ಮನ ಕೆಲಸ.

ಅಕ್ಟೋಬರಿನಲ್ಲಿ ಬರ್ಡ್‌ಲೈಫ್ ಆಸ್ಟ್ರೇಲಿಯಾ ಸಂಸ್ಥೆಯವರು 2014ರಿಂದ ನಡೆಸುತ್ತಿರುವ ಹಕ್ಕಿ ಎಣಿಕೆ ಇರುತ್ತದೆ. 20 ನಿಮಿಷ ಒಂದು ಕಡೆ ಕೂತು ಕಂಡ, ಕೇಳಿದ ಹಕ್ಕಿಗಳನ್ನು ಎಣಿಸಿ ಕಳಿಸಿದರೆ ಆಯಿತು, ಖರ್ಚಿಲ್ಲ, ಮಕ್ಕಳೂ ಸೇರಬಹುದು. ಅದರ ಜೊತೆಗೆ ನಮ್ಮದೊಂದು ಕೋರಿಕೆ. ಈ ಸಲ ನಿಮ್ಮ ಬೀದಿಯಲ್ಲಿ ಕೋಗಿಲೆ ಮೊದಲು ಕೂಗಿದ ದಿನ, ಗಂಟೆ, ಬಡಾವಣೆಯ ಹೆಸರು ಬರೆದು ನಮಗೂ ಕಳಿಸಿ. ಮೆಲ್ಬರ್ನಿನ ಓದುಗರು ಕೇಳಿದರಂತೂ ಮರೆಯದೆ ತಿಳಿಸಿ. ಡಿಸೆಂಬರ್ ಸಂಚಿಕೆಯಲ್ಲಿ ಎಲ್ಲವನ್ನೂ ಪಟ್ಟಿ ಮಾಡಿ ಹಾಕುತ್ತೇವೆ. ಮಾರ್ಚಿನಲ್ಲಿ ಊರಿನವರಿಗೆ ಫೋನ್ ಮಾಡಿ ಅಲ್ಲಿ ಶುರುವಾದ ದಿನವನ್ನೂ ಕೇಳಿ ಬರೆದುಕೊಳ್ಳಿ. ಮಾತಾಡಲು ವಿಷಯ ಇಲ್ಲ ಎನ್ನುವ ಮಕ್ಕಳ ಕೈಗೇ ಫೋನ್ ಕೊಡಿ, ಅವರೇ ಅಜ್ಜಿಯನ್ನು ಕೇಳಲಿ.